ಪಾರುಪತ್ಯದ ಕೆಲಸ ಪದವಿಯ ಪಾಠವಾದ ಕಥೆ



ಪಿ.ಯು.ಸಿ. ಮುಗಿಸಿದವರ ಮನೆಯಲ್ಲಿ ಬೇಸಿಗೆಯ ಕೊನೆಗೆ ಒಂದು ಚರ್ಚೆ ನಡೆದೇ ನಡೆಯುತ್ತದೆ. ಮುಂದೇನು? ಬಿ.ಎ., ಬಿ.ಎಸ್ಸಿ., ಬಿ.ಕಾಂ. ಎಂಬ ಹಳೆಯ ದಾರಿಗಳ ಪಕ್ಕದಲ್ಲಿ ಬಿ.ಬಿ.ಎಂ., ಬಿ.ಬಿ.ಎ. ಎಂಬ ಇನ್ನೊಂದು ದಾರಿಯೂ ಈಗ ಇದೆ. ಅಲ್ಲಿ ಕಲಿಸುವ ವಿಷಯ ಮ್ಯಾನೇಜ್‌ಮೆಂಟ್, ಅಂದರೆ ನಿರ್ವಹಣೆ. ಆಗ ಮನೆಯ ಹಿರಿಯರೊಬ್ಬರು ಕೇಳುತ್ತಾರೆ: “ಒಂದು ಗೂಡಂಗಡಿಯನ್ನೂ ನಡೆಸಿ ಗೊತ್ತಿಲ್ಲದ ಮಕ್ಕಳಿಗೆ ನಡೆಸುವ ವಿದ್ಯೆಯನ್ನು ಪುಸ್ತಕದಿಂದ ಕಲಿಸುವುದು ಹೇಗೆ?”

ಇದನ್ನು ತಮಾಷೆಯ ಮಾತೆಂದು ತಳ್ಳಿಹಾಕಬೇಡಿ. ವಿಶ್ವವಿದ್ಯಾಲಯಗಳು 140 ವರ್ಷಗಳಿಂದ ಇದೇ ಪ್ರಶ್ನೆಯೊಂದಿಗೆ ಹೆಣಗುತ್ತಿವೆ. ಅದರ ಒಳಗೆ ಇನ್ನೂ ದೊಡ್ಡದಾದ ಒಂದು ಪ್ರಶ್ನೆ ಅಡಗಿದೆ: ಈ ವಿದ್ಯೆ ಯಾರ ಹಿತಕ್ಕಾಗಿ? ಅದರ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡೋಣ.

ಕೆಲಸ ಹಳೆಯದು, ಪಾಠ ಹೊಸದು

ನಿರ್ವಹಣೆ ಎಂಬ ಕೆಲಸವೇನೂ ಹೊಸದಲ್ಲ. ಕನ್ನಡದಲ್ಲಿ ಅದಕ್ಕೆ ‘ಪಾರುಪತ್ಯ’ ಎಂಬ ಹಳೆಯ ಮಾತೇ ಇದೆ. ದೇವಸ್ಥಾನದ ಆದಾಯ ವೆಚ್ಚ ನೋಡಿಕೊಳ್ಳುವವನು ಪಾರುಪತ್ಯಗಾರ. ಊರಿನ ಲೆಕ್ಕ ಬರೆಯುವವನು ಶಾನುಭೋಗ. ವ್ಯಾಪಾರಿಗಳ ಲೆಕ್ಕ ಕಪ್ಪು ಬಳಿದ ಬಟ್ಟೆಯ ಕಡತಗಳಲ್ಲಿ ಇರುತ್ತಿತ್ತು. ಇವರಾರೂ ಕಾಲೇಜಿಗೆ ಹೋಗಿ ಈ ಕೆಲಸ ಕಲಿತವರಲ್ಲ. ಮಗ ತಂದೆಯ ಪಕ್ಕದಲ್ಲಿ ಕುಳಿತು ಕಲಿತ. ಗುಮಾಸ್ತ ಧಣಿಯ ಗದರಿಕೆಯಿಂದ ಕಲಿತ.

ಹಾಗಾದರೆ ಈ ಕಲಿಕೆ ಎಲ್ಲಿ ಸಾಲದೆ ಹೋಯಿತು? ಉತ್ತರಕ್ಕೆ ನಾವು ರೈಲುಗಾಡಿಯ ಕಾಲಕ್ಕೆ ಹೋಗಬೇಕು. 1841ರ ಅಕ್ಟೋಬರ್ ತಿಂಗಳಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ವೆಸ್ಟರ್ನ್ ರೈಲ್‌ರೋಡ್ ಕಂಪನಿಯ ಎರಡು ರೈಲುಗಳು ಒಂದೇ ಹಳಿಯ ಮೇಲೆ ಎದುರುಬದುರಾಗಿ ಡಿಕ್ಕಿ ಹೊಡೆದವು. ಸಾವು ನೋವುಗಳಾದವು. ಯಾವ ಗಾಡಿ ಎಲ್ಲಿ ನಿಂತು ಯಾವುದಕ್ಕೆ ದಾರಿ ಬಿಡಬೇಕು, ಆಜ್ಞೆ ಕೊಡುವವರು ಯಾರು, ತಪ್ಪಿದರೆ ಹೊಣೆ ಯಾರದು ಎಂಬುದು ಸ್ಪಷ್ಟವಾಗಿರಲಿಲ್ಲ. ಅಂಗಡಿಯಲ್ಲಾದರೆ ಯಜಮಾನನ ಕಣ್ಣು ಎಲ್ಲದರ ಮೇಲೂ ಬೀಳುತ್ತದೆ. ಇನ್ನೂರೈವತ್ತು ಕಿಲೋಮೀಟರ್ ಉದ್ದದ ಹಳಿಯ ಮೇಲೆ ಯಾರ ಕಣ್ಣು ತಾನೇ ಬಿದ್ದೀತು? ಅಪಘಾತದ ನಂತರ ಆ ಕಂಪನಿ ಯಾರು ಯಾರಿಗೆ ಉತ್ತರ ಹೇಳಬೇಕು ಎಂಬುದನ್ನು ಬರವಣಿಗೆಯಲ್ಲಿ ಗೊತ್ತುಪಡಿಸಿತು. ಮುಂದೆ 1850ರ ದಶಕದಲ್ಲಿ ಈರಿ ರೈಲ್ವೆಯ ಡೇನಿಯಲ್ ಮೆಕಾಲಮ್ ಇಡೀ ಸಂಸ್ಥೆಯ ಅಧಿಕಾರದ ಕವಲುಗಳನ್ನು ಒಂದು ಮರದಂತೆ ಚಿತ್ರಿಸಿ ತೋರಿಸಿದರು. ಇಂದು ಬಿ.ಬಿ.ಎ. ಮೊದಲ ವರ್ಷದಲ್ಲಿ ನೀವು ಬಿಡಿಸುವ ಸಂಘಟನಾ ನಕ್ಷೆಯ ಮೂಲ ಅದು. ಪರೀಕ್ಷೆಗಾಗಿ ಹುಟ್ಟಿದ ಚಿತ್ರವಲ್ಲ, ರೈಲುಗಳು ಹಳಿಯ ಮೇಲೆ ಸರಿಯಾಗಿ ಓಡಲೆಂದು ಹುಟ್ಟಿದ್ದು ಎಂಬುದನ್ನು ನೆನಪಿಡಿ.

ವಾರ್ಟನ್ ಕೊಟ್ಟ ಲಕ್ಷ ಡಾಲರ್

ಫಿಲಡೆಲ್ಫಿಯದ ಜೋಸೆಫ್ ವಾರ್ಟನ್ (1826–1909) ಸತು, ನಿಕ್ಕಲ್ ಮತ್ತು ಕಬ್ಬಿಣದ ಉದ್ಯಮಗಳಿಂದ ಹಣ ಗಳಿಸಿದವರು. 1881ರಲ್ಲಿ ಅವರು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯಕ್ಕೆ ಒಂದು ಲಕ್ಷ ಡಾಲರ್ ದಾನ ಕೊಟ್ಟು, ಹಣಕಾಸು ಮತ್ತು ಅರ್ಥವ್ಯವಹಾರದ ಶಾಲೆಯೊಂದನ್ನು ತೆರೆಯಲು ಹೇಳಿದರು. ಯುರೋಪಿನಲ್ಲಿ ವ್ಯಾಪಾರ ಶಾಲೆಗಳು ಅದಕ್ಕೂ ಮುಂಚೆ ಇದ್ದವು. ಪ್ಯಾರಿಸ್ಸಿನ ಶಾಲೆ 1819ರಷ್ಟು ಹಿಂದಿನದು. ಅಮೆರಿಕದಲ್ಲಿಯೂ ಕೈಬರಹ, ಲೆಕ್ಕಪುಸ್ತಕ ಕಲಿಸುವ ಖಾಸಗಿ ಶಾಲೆಗಳಿಗೆ ಕೊರತೆ ಇರಲಿಲ್ಲ. ಆದರೆ ವಿಶ್ವವಿದ್ಯಾಲಯದೊಳಗೆ, ತತ್ತ್ವಶಾಸ್ತ್ರ ಮತ್ತು ಗಣಿತದ ಪಕ್ಕದಲ್ಲಿ ಈ ವಿಷಯಕ್ಕೆ ಪೀಠ ಹಾಕಿ ಪದವಿ ಕೊಟ್ಟದ್ದು ಅಲ್ಲಿ ಇದೇ ಮೊದಲು.

1884ರಲ್ಲಿ ಹೊರಬಂದ ಮೊದಲ ತಂಡದಲ್ಲಿ ಇದ್ದವರು ಐದೇ ಜನ. ಅವರಲ್ಲಿ ಒಬ್ಬರು ಜಪಾನಿನ ಶಿಬಾ ಶಿರೋ. ಅವರು ಮುಂದೆ ತಮ್ಮ ದೇಶದಲ್ಲಿ ಕಾದಂಬರಿಕಾರರಾಗಿ, ರಾಜಕಾರಣಿಯಾಗಿ ಹೆಸರಾದರು. ನಿರ್ವಹಣೆ ಓದಿದವರೆಲ್ಲ ಕಂಪನಿಯ ಕುರ್ಚಿಯಲ್ಲಿಯೇ ಕೂರಬೇಕಿಲ್ಲ ಎಂಬುದು ಮೊದಲ ತಂಡದಿಂದಲೇ ತಿಳಿದುಬಂತು.

ದಾನ ಕೊಟ್ಟವರಿಗೆ ತಮ್ಮದೇ ಆದ ಆಸೆಗಳೂ ಇದ್ದವು. ಹೊರದೇಶದ ಸರಕುಗಳ ಮೇಲೆ ಸುಂಕ ಹಾಕಿ ಸ್ವದೇಶದ ಉದ್ಯಮವನ್ನು ಕಾಯಬೇಕೆಂಬುದು ವಾರ್ಟನ್ ಅವರ ಖಚಿತ ನಿಲುವು. ತಮ್ಮ ಶಾಲೆಯಲ್ಲಿ ಅದನ್ನೇ ಬೋಧಿಸಬೇಕೆಂದು ಅವರು ಬಯಸಿದರು. ಹಣ ಕೊಟ್ಟವರು ಪಾಠವನ್ನೂ ಗೊತ್ತುಮಾಡಬಹುದೆ? ಈ ಪ್ರಶ್ನೆ ಶಾಲೆಯ ಜೊತೆಯಲ್ಲಿಯೇ ಹುಟ್ಟಿತು.

ಗಡಿಯಾರ ಹಿಡಿದ ಎಂಜಿನಿಯರ್

ಅದೇ ಫಿಲಡೆಲ್ಫಿಯದವರು ಫ್ರೆಡರಿಕ್ ಟೇಲರ್. ಇವರು ಬೆತ್ಲೆಹೆಮ್ ಕಬ್ಬಿಣ ಕಾರ್ಖಾನೆಗೆ 1898ರಲ್ಲಿ ಸಲಹೆಗಾರರಾಗಿ ಬಂದರು. ಆ ಕಾರ್ಖಾನೆಯ ದೊಡ್ಡ ಷೇರುದಾರರಲ್ಲಿ ಜೋಸೆಫ್ ವಾರ್ಟನ್ ಕೂಡ ಒಬ್ಬರು. ಟೇಲರ್ ಕೆಲಸವನ್ನು ಸಣ್ಣ ಸಣ್ಣ ಚಲನೆಗಳಾಗಿ ಒಡೆದು, ಗಡಿಯಾರ ಹಿಡಿದು ಅಳೆದರು. 1911ರಲ್ಲಿ ಪ್ರಕಟವಾದ ಅವರ ‘ದಿ ಪ್ರಿನ್ಸಿಪಲ್ಸ್ ಆಫ್ ಸೈಂಟಿಫಿಕ್ ಮ್ಯಾನೇಜ್‌ಮೆಂಟ್’ ಪುಸ್ತಕದ ಪ್ರಸಿದ್ಧ ಉದಾಹರಣೆ, ಅವರು ‘ಷ್ಮಿಟ್’ ಎಂದು ಕರೆದ ಒಬ್ಬ ಹಮಾಲಿಯದು. ಈತ ಒಂದೊಂದೂ 92 ಪೌಂಡ್, ಅಂದರೆ ಸುಮಾರು 42 ಕಿಲೋ ತೂಗುವ ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲು ಬಂಡಿಗೆ ತುಂಬುತ್ತಿದ್ದ. ಟೇಲರ್ ಹೇಳುವ ಪ್ರಕಾರ, ಅವರ ಸೂಚನೆಯಂತೆ ನಡೆದು, ಕೂತು, ಎತ್ತಿ ಆತ ದಿನಕ್ಕೆ 12.5 ಟನ್ನಿನ ಬದಲು 47.5 ಟನ್ ತುಂಬಿದ. ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು.

ಇಲ್ಲಿ ನೀವು ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಹಾಕಿ. ಕೆಲಸ ಹೆಚ್ಚಿದ್ದು ಸುಮಾರು ನಾಲ್ಕು ಪಟ್ಟು. ಕೂಲಿ ಹೆಚ್ಚಿದ್ದು ಶೇಕಡಾ 60ರಷ್ಟು. ದಿನಕ್ಕೆ 1,150ಕ್ಕೂ ಹೆಚ್ಚು ಬಾರಿ 42 ಕಿಲೋ ಎತ್ತಬೇಕು. ಹತ್ತು ಗಂಟೆಯ ದಿನವಾದರೆ ಸರಾಸರಿ ಅರ್ಧ ನಿಮಿಷಕ್ಕೊಂದು. ನಾನು ವಿಜ್ಞಾನ ಓದಿ ಬಂದವನು. ಅಳತೆಯ ಬಗ್ಗೆ ನನಗೆ ಗೌರವವಿದೆ. ಅಳೆಯದೆ ಊಹೆಯಲ್ಲಿ ನಡೆಯುತ್ತಿದ್ದ ಕಾರ್ಖಾನೆಗೆ ಗಡಿಯಾರ ಮತ್ತು ದಾಖಲೆಗಳನ್ನು ತಂದದ್ದು ಟೇಲರ್ ಅವರ ದೊಡ್ಡ ಕೊಡುಗೆಯೇ ಸರಿ. ಆದರೆ ವಿಜ್ಞಾನದ ಮೊದಲ ನಿಯಮ, ಅಳತೆ ಏನನ್ನು ಹೊರಗೆ ಬಿಟ್ಟಿದೆ ಎಂದು ಕೇಳುವುದು. ಆ ಮನುಷ್ಯ ಹತ್ತು ವರ್ಷ ಹೀಗೆ ದುಡಿದರೆ ಅವನ ಬೆನ್ನು ಏನಾಗುತ್ತದೆ? ಅವನ ಅಭಿಪ್ರಾಯವೇನು? ಇದಾವುದೂ ಆ ಲೆಕ್ಕದಲ್ಲಿಲ್ಲ. ಬೆತ್ಲೆಹೆಮ್ ದಾಖಲೆಗಳನ್ನು ಪರಿಶೀಲಿಸಿದ ವಿದ್ವಾಂಸರು, ಘಟನೆ ಟೇಲರ್ ಬಣ್ಣಿಸಿದಂತೆ ನಡೆದಿಲ್ಲವೆಂದು 1974ರಲ್ಲಿ ತೋರಿಸಿಕೊಟ್ಟರು. 1911ರಲ್ಲಿಯೇ ವಾಟರ್‌ಟೌನ್ ಶಸ್ತ್ರಾಗಾರದ ಕೆಲಸಗಾರರು ಗಡಿಯಾರದ ಅಳತೆಯನ್ನು ವಿರೋಧಿಸಿ ಮುಷ್ಕರ ಹೂಡಿದ್ದರು. ವಿಷಯ ಅಮೆರಿಕದ ಸಂಸತ್ತಿನ ವಿಚಾರಣೆಯವರೆಗೂ ಹೋಯಿತು.

ಇದಕ್ಕೆ ಇನ್ನೊಂದು ಬಗೆಯ ಉತ್ತರ ವಾರ್ಟನ್ ಶಾಲೆಯಿಂದಲೇ ಬಂತು. ಆಸ್ಟ್ರೇಲಿಯದಿಂದ ಬಂದ ಎಲ್ಟನ್ ಮೇಯೊ 1923ರಲ್ಲಿ ಫಿಲಡೆಲ್ಫಿಯದ ಒಂದು ಬಟ್ಟೆ ಗಿರಣಿಯನ್ನು ಅಧ್ಯಯನ ಮಾಡಿದರು. ಅಲ್ಲಿನ ನೂಲುವ ವಿಭಾಗದಲ್ಲಿ ಮಾತ್ರ ಕೆಲಸಗಾರರು ನಿಲ್ಲುತ್ತಲೇ ಇರಲಿಲ್ಲ. ಬಂದವರು ಬಂದಂತೆ ಬಿಟ್ಟು ಹೋಗುತ್ತಿದ್ದರು. ಮೇಯೊ ದಿನದ ನಡುವೆ ಹತ್ತು ಹತ್ತು ನಿಮಿಷಗಳ ವಿಶ್ರಾಂತಿ ಕೊಡಿಸಿದರು, ಅವರ ಅಹವಾಲುಗಳನ್ನು ಕೇಳಿಸಿಕೊಂಡರು. ಬಿಟ್ಟು ಹೋಗುವವರ ಸಂಖ್ಯೆ ಇಳಿಯಿತು, ಉತ್ಪಾದನೆ ಏರಿತು. ಟೇಲರ್ ಕೈಗಳನ್ನು ನೋಡಿದರೆ ಮೇಯೊ ಮನಸ್ಸನ್ನು ನೋಡಲು ಯತ್ನಿಸಿದರು. ಇಂದಿನ ಪಠ್ಯಪುಸ್ತಕಗಳಲ್ಲಿ ಇವರಿಬ್ಬರೂ ಪಕ್ಕಪಕ್ಕದ ಅಧ್ಯಾಯಗಳಾಗಿ ಕುಳಿತಿದ್ದಾರೆ. ಆದರೆ ಅವರ ನಡುವಿನ ವಾದ ಇನ್ನೂ ಮುಗಿದಿಲ್ಲ.

ಮನೆಮನೆಗೆ ಹೋದವರು, ಮಾತಾಡಿ ಹೊರಬಿದ್ದವರು

ವಾರ್ಟನ್ ಶಾಲೆ ಆರಂಭದ ದಿನಗಳಲ್ಲಿ ಬರೀ ಲೆಕ್ಕಪತ್ರದ ಶಾಲೆಯಾಗಿರಲಿಲ್ಲ. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಅದರೊಳಗೇ ಇದ್ದವು. 1896ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯ ಡಬ್ಲ್ಯು.ಇ.ಬಿ. ಡುಬಾಯ್ಸ್ ಎಂಬ ಕರಿಯ ಜನಾಂಗದ ತರುಣ ವಿದ್ವಾಂಸರನ್ನು ಕರೆಸಿ, ನಗರದ ಕರಿಯರ ಸ್ಥಿತಿಗತಿ ಅಧ್ಯಯನ ಮಾಡಲು ಹೇಳಿತು. ಅವರು ಏಳನೆಯ ವಾರ್ಡಿನಲ್ಲಿಯೇ ಉಳಿದು ಮನೆಮನೆ ಹತ್ತಿ ಇಳಿದು ವಿವರ ಸಂಗ್ರಹಿಸಿದರು. ಆ ಪುಸ್ತಕ 1899ರಲ್ಲಿ ಪ್ರಕಟವಾಗಿ ಸಮಾಜವಿಜ್ಞಾನದ ಒಂದು ಮೈಲಿಗಲ್ಲಾಯಿತು. ಆದರೆ ಅದನ್ನು ಬರೆದವರಿಗೆ ಅಲ್ಲಿ ಪ್ರಾಧ್ಯಾಪಕರ ಹುದ್ದೆ ಸಿಗಲಿಲ್ಲ.

ಇನ್ನೊಬ್ಬರ ಕಥೆ ಸ್ಕಾಟ್ ನಿಯರಿಂಗ್ ಅವರದು. ವಾರ್ಟನ್ ಶಾಲೆಯಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದ ಈ ಜನಪ್ರಿಯ ಅಧ್ಯಾಪಕರು ಗಣಿ, ಗಿರಣಿಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ಬಹಿರಂಗವಾಗಿ ಖಂಡಿಸುತ್ತಿದ್ದರು. 1915ರ ಜೂನ್ ತಿಂಗಳಿನಲ್ಲಿ ವಿಶ್ವವಿದ್ಯಾಲಯದ ಧರ್ಮದರ್ಶಿಗಳು ಕಾರಣ ಹೇಳದೆ ಅವರ ನೇಮಕವನ್ನು ಮುಂದುವರಿಸಲು ನಿರಾಕರಿಸಿದರು. ದೇಶದಾದ್ಯಂತ ಕೋಲಾಹಲವಾಯಿತು. ಅದೇ ವರ್ಷ ಸ್ಥಾಪನೆಯಾಗಿದ್ದ ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘ ಈ ಪ್ರಕರಣವನ್ನು ತನಿಖೆ ಮಾಡಿತು. ಉದ್ಯಮಿಗಳ ಹಣದಿಂದ ನಡೆಯುವ ಶಾಲೆಯಲ್ಲಿ ಉದ್ಯಮಿಗಳಿಗೆ ಹಿತವಾಗದ ಸತ್ಯವನ್ನು ಹೇಳಬಹುದೆ ಎಂಬುದೇ ಅಂದಿನ ಚರ್ಚೆ. ನಿರ್ವಹಣೆ ಓದುವವರು ಟೇಲರ್ ಹೆಸರಿನ ಜೊತೆಗೆ ನಿಯರಿಂಗ್ ಹೆಸರನ್ನೂ ತಿಳಿದಿರಬೇಕು ಎನ್ನುವುದು ಇದಕ್ಕಾಗಿ.

ಮುಂಬಯಿಗೆ ಬಂದ ವಿದ್ಯೆ

ಈಗ ನಮ್ಮ ದೇಶಕ್ಕೆ ಬರೋಣ. 1913ರಲ್ಲಿ ಮುಂಬಯಿಯಲ್ಲಿ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜು ತೆರೆಯಿತು. ಆಗ ತಾನೆ ಅಧಿಕಾರ ಬಿಟ್ಟಿದ್ದ ಮುಂಬಯಿ ಗವರ್ನರ್ ಲಾರ್ಡ್ ಸಿಡೆನ್‌ಹ್ಯಾಮ್ ಅವರ ಹೆಸರು ಅದಕ್ಕೆ. ಬಿ.ಕಾಂ. ಪದವಿಯ ಪಾಠ ಹೇಳಿದ ಮೊದಲ ಕಾಲೇಜುಗಳಲ್ಲಿ ಇದು ಅಗ್ರಗಣ್ಯ. ಆಂಗ್ಲ ಕಂಪನಿಗಳ ಕಚೇರಿಯಲ್ಲಿ ಭಾರತೀಯರು ಗುಮಾಸ್ತರಾಗಿಯೇ ಉಳಿಯಬೇಕಾಗಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ.

ಈ ಕಾಲೇಜಿನಲ್ಲಿ 1918ರ ನವೆಂಬರಿನಿಂದ 1920ರ ಮಾರ್ಚ್‌ವರೆಗೆ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಡಾ. ಬಿ.ಆರ್. ಅಂಬೇಡ್ಕರ್. ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದಿ ಬಂದಿದ್ದರೂ, ಅಧ್ಯಾಪಕರ ಕೋಣೆಯಲ್ಲಿದ್ದ ನೀರಿನ ಹೂಜಿಯನ್ನು ಅವರು ಮುಟ್ಟುವುದಕ್ಕೆ ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಸಂಬಳದಲ್ಲಿ ಉಳಿಸಿದ ಹಣವನ್ನು ಸೇರಿಸಿಕೊಂಡು ಅವರು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಪ್ರಸಿದ್ಧ ಗ್ರಂಥ 1923ರಲ್ಲಿ ಹೊರಬಂತು. ವಾಣಿಜ್ಯ ಕಾಲೇಜಿನ ಮೇಜಿನ ಮೇಲೆ ಹಣದ ಚಲಾವಣೆಯ ಪಾಠ, ಪಕ್ಕದ ಕೋಣೆಯಲ್ಲಿ ಹೂಜಿಯ ಜಗಳ! ಸಂಸ್ಥೆ ನಡೆಸುವುದೆಂದರೆ ಬರೀ ಲೆಕ್ಕ ನೋಡುವುದಲ್ಲ, ಅಲ್ಲಿ ಯಾರಿಗೆ ನೀರು ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನೂ ನೋಡುವುದು.

ಕುಮಾರಪ್ಪ ಓದಿದ ಬಿಸಿನೆಸ್

ಅಮೆರಿಕಕ್ಕೇ ಹೋಗಿ ಬಿಸಿನೆಸ್ ಅಡ್ಮಿನಿಸ್ಟ್ರೇಶನ್ನಿನಲ್ಲಿ ಸ್ನಾತಕ ಪದವಿ ಪಡೆದ ಭಾರತೀಯರಲ್ಲಿ ನೀವು ಮರೆಯಬಾರದ ಹೆಸರು ಜೆ.ಸಿ. ಕುಮಾರಪ್ಪ (1892–1960). ತಂಜಾವೂರಿನಲ್ಲಿ ಹುಟ್ಟಿದ ಅವರು ಲಂಡನ್ನಿನಲ್ಲಿ ಲೆಕ್ಕಪರಿಶೋಧಕರಾಗಿ ತರಬೇತಿ ಪಡೆದು, ಮುಂಬಯಿಯಲ್ಲಿ ವೃತ್ತಿ ನಡೆಸಿ, 1928ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಪದವಿ ಪಡೆದರು. ಅಲ್ಲಿಂದ ಕೊಲಂಬಿಯಕ್ಕೆ ಹೋಗಿ ಭಾರತದ ಸರ್ಕಾರಿ ಹಣಕಾಸಿನ ಬಗ್ಗೆ ಪ್ರಬಂಧ ಬರೆದರು. ಬ್ರಿಟಿಷ್ ಆಡಳಿತದ ಜಮಾಖರ್ಚನ್ನು ಲೆಕ್ಕಪರಿಶೋಧಕನ ಕಣ್ಣಿನಿಂದ ನೋಡಿದಾಗ, ದೇಶದ ಬಡತನಕ್ಕೆ ಕಾರಣ ಅದರಲ್ಲಿಯೇ ಕಂಡಿತು.

1929ರಲ್ಲಿ ಗಾಂಧೀಜಿಯವರನ್ನು ಭೇಟಿಯಾದ ಮೇಲೆ ಅವರಿಗೆ ಸಿಕ್ಕ ಮೊದಲ ಕೆಲಸಗಳಲ್ಲಿ ಒಂದು, ಗುಜರಾತಿನ ಮಾತರ್ ತಾಲೂಕಿನ ಹಳ್ಳಿಗಳ ಆರ್ಥಿಕ ಸಮೀಕ್ಷೆ. ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳೊಡನೆ ಹಳ್ಳಿಗಳಿಗೆ ಹೋಗಿ ರೈತನ ಆದಾಯವೆಷ್ಟು, ಕಂದಾಯವೆಷ್ಟು, ಸಾಲವೆಷ್ಟು ಎಂದು ಬರೆದುಕೊಂಡರು. ಫಿಲಡೆಲ್ಫಿಯದಲ್ಲಿ ಡುಬಾಯ್ಸ್ ಹಿಡಿದಿದ್ದ ದಾರಿಯೇ ಇದು ಎಂಬುದನ್ನು ಗಮನಿಸಿ. ಮುಂದೆ ಅವರು ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಕಟ್ಟಿ ನಡೆಸಿದರು. ಗಾಣ, ಚರ್ಮ ಹದಮಾಡುವುದು, ಕಾಗದ ತಯಾರಿಕೆ ಇವೆಲ್ಲ ಅವರ ಉದ್ಯಮಗಳು. ಅಮೆರಿಕದಲ್ಲಿ ಕಲಿತ ಲೆಕ್ಕದ ಶಿಸ್ತನ್ನು ಅವರು ಬಿಡಲಿಲ್ಲ. ಅದನ್ನು ಯಾರಿಗಾಗಿ ಬಳಸಬೇಕೆಂಬುದನ್ನು ಬದಲಿಸಿಕೊಂಡರು.

ಕರಾವಳಿಯ ಎರಡಾಣೆ

ನಮ್ಮ ನಾಡಿನಲ್ಲಿ ಪದವಿ ಬರುವ ಮುನ್ನವೇ ನಿರ್ವಹಣೆಯ ಉತ್ತಮ ಮಾದರಿಗಳು ಹುಟ್ಟಿದವು. ದಿವಾನ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಮತ್ತು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದವು. ಬ್ಯಾಂಕು, ವರ್ತಕರ ಸಂಘ, ವಿಶ್ವವಿದ್ಯಾಲಯ ಮೂರೂ ಒಟ್ಟಿಗೆ ಬೇಕೆಂದು ಕಂಡುಕೊಂಡವರು ಒಬ್ಬ ಎಂಜಿನಿಯರ್.

ಕರಾವಳಿಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. 1925ರಲ್ಲಿ ಉಡುಪಿಯಲ್ಲಿ ವ್ಯಾಪಾರಿ ಉಪೇಂದ್ರ ಪೈ, ಎಂಜಿನಿಯರ್ ವಾಮನ ಕುಡ್ವ ಮತ್ತು ವೈದ್ಯ ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಿಂದ ಒಂದು ಸಂಸ್ಥೆ ಆರಂಭಿಸಿದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅದರ ಉದ್ದೇಶ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು; 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಆರಂಭಿಸಿದರು. ಬ್ಯಾಂಕಿನ ಏಜೆಂಟ್ ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ರಸೀತಿ ಕೊಡುತ್ತಿದ್ದ. ಕೂಲಿಯವನು ದಿನದ ಕೊನೆಗೆ ಎರಡಾಣೆ ಉಳಿಸಬಲ್ಲ, ಆದರೆ ಬ್ಯಾಂಕಿನ ಮೆಟ್ಟಿಲು ಹತ್ತಲಾರ ಎಂಬ ತಿಳಿವಳಿಕೆಯೇ ಇದರ ಅಡಿಪಾಯ. ಬಿ.ಬಿ.ಎ. ತರಗತಿಯಲ್ಲಿ ಗ್ರಾಹಕನ ಅಗತ್ಯವನ್ನು ಅರಿಯುವುದು ಎಂದು ನೀವು ಅಧ್ಯಾಯಗಟ್ಟಲೆ ಓದುವ ಸಂಗತಿ, ಇಲ್ಲಿ ಎರಡಾಣೆಯಲ್ಲಿ ಅಡಗಿದೆ.

1959ರ ಎರಡು ವರದಿಗಳು

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬಿಸಿನೆಸ್ ಓದುವ ಸ್ನಾತಕ ವಿದ್ಯಾರ್ಥಿಗಳ ಸಂಖ್ಯೆ ಬಹಳ ಬೆಳೆಯಿತು. ಸಂಖ್ಯೆ ಬೆಳೆದಂತೆ ಗುಣ ಬೆಳೆಯಿತೆ? 1959ರಲ್ಲಿ ಎರಡು ವರದಿಗಳು ಒಟ್ಟಿಗೆ ಹೊರಬಂದವು. ಫೋರ್ಡ್ ಪ್ರತಿಷ್ಠಾನಕ್ಕಾಗಿ ಗಾರ್ಡನ್ ಮತ್ತು ಹೊವೆಲ್ ಬರೆದದ್ದು ಒಂದು, ಕಾರ್ನೆಗಿ ಸಂಸ್ಥೆಗಾಗಿ ಪಿಯರ್‌ಸನ್ ಬರೆದದ್ದು ಇನ್ನೊಂದು. ಎರಡೂ ಒಂದೇ ಮಾತನ್ನು ಕಟುವಾಗಿ ಹೇಳಿದವು: ಪಾಠಗಳು ತೀರ ಕಿರಿದಾಗಿವೆ, ಈ ವರ್ಷದ ಕಚೇರಿ ಪದ್ಧತಿಯನ್ನು ಕಲಿಸುತ್ತಿವೆ, ಮುಂದಿನ ವರ್ಷ ಅದು ಹಳತಾಗುತ್ತದೆ. ಸ್ನಾತಕ ಪದವಿಯ ಅರ್ಧದಷ್ಟಾದರೂ ಕಾಲವನ್ನು ಭಾಷೆ, ಗಣಿತ, ವಿಜ್ಞಾನ, ಚರಿತ್ರೆ, ಸಮಾಜಶಾಸ್ತ್ರಗಳಿಗೆ ಕೊಡಿ ಎಂಬುದು ಅವುಗಳ ಸಲಹೆಯ ಸಾರ. ಹದಿನೆಂಟರ ಹುಡುಗನಿಗೆ ಏನನ್ನು ಕಲಿಸಬೇಕು ಎಂಬ ಮನೆಯ ಹಿರಿಯರ ಪ್ರಶ್ನೆಗೆ ವಿದ್ವಾಂಸರು ಕೊಟ್ಟ ಉತ್ತರ ಇದು. ಸಂಸ್ಥೆ ನಡೆಸುವ ಅನುಭವವನ್ನು ತರಗತಿ ಕೊಡಲಾರದು. ಅನುಭವ ಬಂದಾಗ ಅದನ್ನು ಅರ್ಥಮಾಡಿಕೊಳ್ಳುವ ಶಕ್ತಿಯನ್ನು ಕೊಡಬಲ್ಲದು.

ಭಾರತ ಸರ್ಕಾರ 1961ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದಿನಲ್ಲಿ ಐ.ಐ.ಎಂ.ಗಳನ್ನು ತೆರೆದಾಗ ಅವು ಪದವೀಧರರಿಗೆಂದೇ ಮೀಸಲಾಗಿದ್ದವು. 1973ರಲ್ಲಿ ಬಂದ ಬೆಂಗಳೂರಿನ ಐ.ಐ.ಎಂ. ಕೂಡ ಅದೇ ದಾರಿಯಲ್ಲಿ ನಡೆಯಿತು. ಮೊದಲು ಯಾವುದಾದರೂ ವಿಷಯ ಓದಿ, ಆಮೇಲೆ ನಿರ್ವಹಣೆ ಎಂಬುದು ಇದರ ಹಿಂದಿನ ನಂಬಿಕೆ. ಸ್ನಾತಕ ಮಟ್ಟದಲ್ಲಿ ಬಿ.ಕಾಂ. ಇತ್ತು. 1991ರ ಆರ್ಥಿಕ ಉದಾರೀಕರಣದ ನಂತರ ಬ್ಯಾಂಕು, ವಿಮೆ, ಹೋಟೆಲು, ಸಾಫ್ಟ್‌ವೇರ್ ಕಂಪನಿಗಳು ಬೆಳೆದಂತೆ, ಕರ್ನಾಟಕದ ಕಾಲೇಜುಗಳಲ್ಲಿ ಬಿ.ಬಿ.ಎಂ. ಹರಡಿತು. ಅದೇ ಮುಂದೆ ಬಿ.ಬಿ.ಎ. ಎಂಬ ಹೆಸರು ಪಡೆಯಿತು. 2011ರಲ್ಲಿ ಇಂದೋರಿನ ಐ.ಐ.ಎಂ. ಶಾಲೆ ಮುಗಿಸಿದವರನ್ನು ನೇರವಾಗಿ ಐದು ವರ್ಷದ ಕೋರ್ಸಿಗೆ ಸೇರಿಸಿಕೊಂಡಿತು. 2024–25ರಿಂದ ಬಿ.ಬಿ.ಎ. ಕೋರ್ಸುಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆಯ ವ್ಯಾಪ್ತಿಗೆ ಬಂದವು.

ನೀವು ಆ ತರಗತಿಗೆ ಸೇರಿದರೆ

ನಿಮ್ಮಲ್ಲಿ ಕೆಲವರು ಈ ಕೋರ್ಸಿಗೆ ಸೇರುತ್ತೀರಿ, ಕೆಲವರು ಸೇರುವುದಿಲ್ಲ. ಸೇರುವವರಿಗೆ ಈ ಚರಿತ್ರೆಯಿಂದ ಮೂರು ಮಾತು ಹೇಳಬಹುದು.

ಮೊದಲನೆಯದು, ಪಠ್ಯದಲ್ಲಿ ಬರುವ ಪ್ರತಿಯೊಂದು ತತ್ತ್ವವೂ ಎಲ್ಲೋ ಒಂದು ನಿಜವಾದ ತೊಂದರೆಯಿಂದ ಹುಟ್ಟಿದ್ದು. ಆ ತೊಂದರೆ ಯಾವುದೆಂದು ಹುಡುಕಿ. ಆಗ ತತ್ತ್ವವನ್ನು ಬಾಯಿಪಾಠ ಮಾಡಬೇಕಾಗುವುದಿಲ್ಲ.

ಎರಡನೆಯದು, ನಿಮ್ಮ ಊರಿನ ಹಾಲು ಉತ್ಪಾದಕರ ಸಂಘವೋ, ಕೃಷಿ ಪತ್ತಿನ ಸಹಕಾರ ಸಂಘವೋ, ಸಂತೆಯೋ ಹೇಗೆ ನಡೆಯುತ್ತದೆ ಎಂಬುದನ್ನು ಹೋಗಿ ನೋಡಿ. ಡುಬಾಯ್ಸ್, ಕುಮಾರಪ್ಪ ಇಬ್ಬರೂ ಕಾಗದ ಪೆನ್ಸಿಲ್ ಹಿಡಿದು ಜನರ ಬಾಗಿಲಿಗೆ ಹೋದವರು. ಅದಕ್ಕೆ ಶುಲ್ಕವಿಲ್ಲ, ಅನುಮತಿ ಕೇಳುವ ವಿನಯ ಸಾಕು.

ಮೂರನೆಯದು, ಲೆಕ್ಕ ಮುಗಿದ ಮೇಲೆ ಇನ್ನೊಂದು ಸಾಲು ಬರೆಯುವ ಅಭ್ಯಾಸ ಮಾಡಿ: ಇದರಿಂದ ಯಾರಿಗೆ ಎಷ್ಟು ಸಿಕ್ಕಿತು, ಯಾರ ಮೇಲೆ ಎಷ್ಟು ಭಾರ ಬಿತ್ತು? ಟೇಲರ್ ಅವರ ಲೆಕ್ಕದಲ್ಲಿ ಇಲ್ಲದಿದ್ದುದು ಆ ಸಾಲು. ನಿಯರಿಂಗ್ ಕೆಲಸ ಕಳೆದುಕೊಂಡದ್ದು ಆ ಸಾಲನ್ನು ಗಟ್ಟಿಯಾಗಿ ಓದಿದ್ದಕ್ಕೆ. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಅದನ್ನು ಕೇಳಲಿಕ್ಕಿಲ್ಲ. ಆದರೆ ನಾಳೆ ನಿಮ್ಮ ಕೈಕೆಳಗೆ ದುಡಿಯುವವರು ಪ್ರತಿದಿನವೂ ಅದನ್ನು ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿರುತ್ತಾರೆ.